ಮೊದಲ ಬಲ್ಬಿಗೆ ಹೋಳು, ಕೊನೆಯದಕ್ಕೆ ತಿಳಿ

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಶಾಂಭವಿ ಮೇಡಂ. ಅದೂ ನಾನು ಲ್ಯಾಬಿನ ಮೂರನೇ ಬಲ್ಬು ಸುಟ್ಟ ದಿನ. ಬೈಯಲು ಬಂದವರು ಯಾಕೋ ಕಥೆ ಹೇಳಿದರು.

ಹೊಳೆದಂಡೆಯ ಆಶ್ರಮವೊಂದರಲ್ಲಿ ಹೈಮವತಿ ಎಂಬ ಶಿಷ್ಯೆ ಇದ್ದಳು. ಓದಿನಲ್ಲಿ ಚುರುಕು. ಆದರೆ ಮೂರು ವರ್ಷದಿಂದ ಅವಳ ಕೈಗೆ ಸಿಕ್ಕಿದ್ದು ಹುಳಿಯ ಸೌಟು ಮಾತ್ರ.

ಮಾರನೆಯ ದಿನ ಆಚೆ ದಡದ ಶಾಲೆಯ ಮಕ್ಕಳು ವಿದ್ಯುತ್ತಿನ ಪಾಠಕ್ಕೆ ಬರುವವರಿದ್ದರು.

“ಪಾಠ ನಾನು ಮಾಡ್ತೀನಿ ಗುರುಗಳೇ,” ಎಂದಳು.

ಗುರುಗಳು ಟಾರ್ಚಿನ ಶೆಲ್ಲು, ಒಂದೇ ಥರದ ಎರಡು ಪುಟ್ಟ ಬಲ್ಬು, ಒಂದಿಷ್ಟು ತಂತಿ ಮುಂದಿಟ್ಟರು.

“ಎರಡನ್ನೂ ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಜೋಡಿಸಿದರೆ ಹೇಗೆ ಉರಿಯುತ್ತೆ? ಸರಿಯಾಗಿ ಹೇಳಿದರೆ ಪಾಠ ನಿನ್ನದು. ತಪ್ಪಿದರೆ ಸೌಟು ಇದ್ದೇ ಇದೆ.”

“ಇದೇನು ಮಹಾ! ಮೊದಲನೆಯದು ಝಗಝಗ. ಎರಡನೆಯದಕ್ಕೆ ಮಿಕ್ಕಿದ್ದು, ಮಿಣಮಿಣ. ಪಂಕ್ತಿಯಲ್ಲೂ ಹಾಗೇ ತಾನೇ? ಮೊದಲ ಎಲೆಗೆ ಹೋಳು, ಕೊನೆಯ ಎಲೆಗೆ ಬರೀ ತಿಳಿ.”

“ಬಲ್ಲೆ. ಕೊನೆಯ ಎಲೆ ನನ್ನದೇ,” ಎಂದರು ಗುರುಗಳು. “ಜೋಡಿಸು.”

ಜೋಡಿಸಿದಳು. ಎರಡೂ ಮಂಕು. ಒಂದೇ ಸಮ ಮಂಕು.

ಬಲ್ಬುಗಳನ್ನು ಅದಲುಬದಲು ಮಾಡಿದಳು. ಅಷ್ಟೇ. ಶೆಲ್ಲು ತಿರುಗಿಸಿ ಹಾಕಿದಳು. ಅಷ್ಟೇ. ಒಂದು ಬಲ್ಬು ತೆಗೆದು ಒಂದನ್ನೇ ಇಟ್ಟಾಗ ಮಾತ್ರ ಅದು ನಗುನಗುತ್ತ ಉರಿಯಿತು.

ಹೈಮವತಿಯ ಕಣ್ಣ ಮುಂದೆ ಸೌಟು ಕುಣಿಯಿತು.

ಗುರುಗಳು ಬಾವಿಯ ಹಗ್ಗ ತಂದು ಎರಡೂ ತುದಿ ಸೇರಿಸಿ ಗಂಟು ಹಾಕಿದರು. ಶಿಷ್ಯರನ್ನೆಲ್ಲ ಸುತ್ತ ನಿಲ್ಲಿಸಿ, ಅವರ ಸಡಿಲ ಮುಷ್ಟಿಗಳೊಳಗೆ ಹಗ್ಗ ಹಾಯಿಸಿದರು.

“ನಾನೇ ಶೆಲ್ಲು. ಎಳೀತೀನಿ.”

ಹಗ್ಗ ಸರಸರನೆ ಸುತ್ತತೊಡಗಿತು.

“ಹೈಮಾ, ಬಿಗಿ ಹಿಡಿ. ನಿಲ್ಲಿಸಬೇಡ, ಬಿಗಿ ಹಿಡಿ ಅಷ್ಟೇ.”

ಹಿಡಿದಳು.

“ಎಲ್ಲಿ ನಿಧಾನವಾಯ್ತು?”

“ನನ್ನ ಕೈಯಲ್ಲಿ… ಅಲ್ಲ, ಆಚೆಗೆ ನಿಂತವರ ಕೈಯಲ್ಲೂ.”

“ನಿನಗಿಂತ ಮೊದಲು ನಿಂತವನ ಕೈಯಲ್ಲಿ?”

“ಇಲ್ಲೂ ಗುರುಗಳೇ!” ಎಂದು ಅವಳ ಹಿಂದಿದ್ದ ಮಾರ್ತಾಂಡ ಕೂಗಿದ. “ಇವಳ ದೆಸೆಯಿಂದ ನನ್ನದೂ ಕುಂಟುತ್ತಿದೆ!”

“ಹಾಗಾದರೆ ನೀನೂ ಬಿಗಿ ಹಿಡಿ.”

ಹಗ್ಗ ಎಲ್ಲರ ಕೈಯಲ್ಲೂ ಆಮೆಯಂತೆ ತೆವಳಿತು.

“ನಿಮ್ಮಿಬ್ಬರ ಅಂಗೈ?”

“ಬಿಸಿ!” ಎಂದರು ಇಬ್ಬರೂ ಒಟ್ಟಿಗೆ.

“ಬಲ್ಬಿನೊಳಗಿನ ಎಳೆ ಹಿಡಿಯೋದೂ ಹೀಗೇ. ಆ ಹಿಡಿತಕ್ಕೇ ಪುಸ್ತಕದಲ್ಲಿ ರೋಧ ಅಂತ ಹೆಸರು. ಹಿಡಿದಲ್ಲಿ ಬಿಸಿ, ಬಿಸಿಯಿಂದ ಬೆಳಕು. ಈಗ ಹೇಳು, ಹಗ್ಗವನ್ನು ನಡುವೆ ಯಾರಾದರೂ ತಿಂದರೇ?”

ಹೈಮವತಿ ತನ್ನ ಮುಷ್ಟಿಯನ್ನು ನೋಡಿದಳು. ಮಾರ್ತಾಂಡನ ಮುಷ್ಟಿಯನ್ನು ನೋಡಿದಳು.

“ಇಲ್ಲ. ಬಂದಷ್ಟೂ ಮುಂದೆ ಹೋಯಿತು. ಇದು ಪಂಕ್ತಿಯಲ್ಲ ಗುರುಗಳೇ. ನಾನು ಬಡಿಸೀ ಬಡಿಸೀ ಕೆಟ್ಟೆ.”

ಹಗ್ಗ ಬಿಟ್ಟು, ಯಾರೂ ಹೇಳದೆಯೇ ಅಡುಗೆಮನೆಗೆ ಹೋಗಿ ಸೌಟು ಎತ್ತಿಕೊಂಡಳು.

ಹಿಂದೆಯೇ ಬಂದ ಗುರುಗಳು ಸೌಟು ಕಿತ್ತುಕೊಂಡು ಅವಳ ತೋಳಿಗೆ ಹಗ್ಗದ ಸುರುಳಿ ಸಿಕ್ಕಿಸಿದರು.

“ನಾಳೆ ಆ ಮಕ್ಕಳೂ ನಿನ್ನ ತಪ್ಪನ್ನೇ ಮಾಡ್ತಾರೆ, ಅವರಿಗೆ ನೀನೇ ಸರಿ. ಹಗ್ಗ ಅವರ ಕೈಗೆ ಕೊಡು. ಅವರು ಊರಿಗೆ ಹೋಗಿ ಇನ್ನೊಬ್ಬರ ಕೈಗೆ ಕೊಡಲಿ. ಬಂದಷ್ಟೂ ಮುಂದೆ ಹೋಗಲಿ.”