ಏಳನೆಯ ಮೆಟ್ಟಿಲಿನ ತೆರೆಯಬ್ಬೆ

ಆಕಾಶದ ಎರಡು ಚಂದ್ರರಲ್ಲಿ ಚಿಕ್ಕವನಿಗೆ ಇನ್ನೂ ಹೆಸರಿಡದ ಯುಗದಲ್ಲಿ, ಶಿಲಾಕೂಟವೆಂಬ ಪರ್ವತದ ಮೇಲೆ, ಬಂಡೆಯ ಗರ್ಭದಿಂದಲೇ ಹುಟ್ಟಿದವರೆಂದು ಹೇಳಿಕೊಳ್ಳುವ ಶೈಲವಂಶದವರು ವಾಸವಾಗಿದ್ದರು. ಬಂಡೆ ಹೆತ್ತದ್ದನ್ನು ಕಂಡವರು ಯಾರೂ ಇರಲಿಲ್ಲ. ಆದರೆ ಹನ್ನೆರಡು ತಲೆಮಾರಿನ ಹೆಸರುಗಳಿದ್ದವು, ಅವನ್ನು ಬಾಯಿಪಾಠ ಹೇಳಲು ನನ್ನಿಗನೆಂಬ ಮುದುಕನಿದ್ದನು. ರಕ್ತಸಂಬಂಧವಿಲ್ಲದವರು ಬೆಟ್ಟಕ್ಕೆ ಕಾಲಿಡಬಾರದೆಂಬುದು ಆ ವಂಶದ ಕಟ್ಟಳೆ. ಕುಲಕ್ಕೆ ಕಳಂಕ ತರುವ ಮಾತಾಡಿದ ವಾಚಕನನ್ನು ಬೆಟ್ಟದ ತುದಿಯಿಂದ ನೂಕಬೇಕೆಂಬುದೂ ಕಟ್ಟಳೆಯೇ.

ಆರನೆಯ ಹೆಸರಾದ ಮೇಲೆ ನನ್ನಿಗ ಒಮ್ಮೆ ಕೆಮ್ಮಿ ಎಂಟನೆಯದಕ್ಕೆ ಹೋಗುತ್ತಿದ್ದನು. ಅವನ ಗುರುವೂ ಅಲ್ಲೇ ಕೆಮ್ಮುತ್ತಿದ್ದನು, ಗುರುವಿನ ಗುರುವೂ ಅಷ್ಟೇ. ಗಟ್ಟಿಮುಟ್ಟಾದ ಇಷ್ಟು ಜನ ಒಂದೇ ಜಾಗದಲ್ಲಿ ಕೆಮ್ಮುವುದೇಕೆಂದು ಯಾರೂ ಕೇಳಲಿಲ್ಲ. ಏಳನೆಯ ಹೆಸರನ್ನು ಗುರು ಸಾಯುವಾಗ ಶಿಷ್ಯನ ಕಿವಿಯಲ್ಲಿ ಮಾತ್ರ ಹೇಳುವುದು ವಾಡಿಕೆ.

ಒಂದು ಜೋಡಿಹುಣ್ಣಿಮೆಯ ಮರುದಿನ ಬೆಳಿಗ್ಗೆ ಕಡಲು ಉಕ್ಕಿ ಬಂತು. ನೀರಿನ ಮೇಲೆಯೇ ಹುಟ್ಟಿ ನೀರಿನ ಮೇಲೆಯೇ ಸಾಯುವ ತೆಪ್ಪದ ಕುಲದವರು, ನಲವತ್ತು ತೆಪ್ಪಗಳಲ್ಲಿ ಮಕ್ಕಳುಮರಿಗಳೊಂದಿಗೆ, ಬೆಟ್ಟದ ಕಡಿದಾದ ಬಂಡೆಗೆ ಬಂದು ಒರಗಿದರು. ತೆಪ್ಪದ ಕಟ್ಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಅವರ ಹಿರಿಯಳಾದ ಚಾಗಬ್ಬೆ ದಾರಿ ಕೊಡಿರೆಂದು ಕೂಗಿದಳು.

"ನಂಟಸ್ತಿಕೆಯಿದ್ದರೆ ಹತ್ತಬಹುದು," ಎಂದನು ಶೈಲರ ದೊರೆ ಪೆರ್ಗಲ್ಲ. "ಅಜ್ಜಾ, ವಂಶಾವಳಿ ಹೇಳು. ಇವರ ಹೆಸರಿದೆಯೋ ಇಲ್ಲವೋ ಇವರೇ ಕೇಳಿಕೊಳ್ಳಲಿ."

ನನ್ನಿಗ ಶುರುಮಾಡಿದನು. ಆರನೆಯ ಹೆಸರು ಮುಗಿಯಿತು. ಕೆಮ್ಮಿದನು.

"ಏನಜ್ಜಾ, ಏಳನೆಯವರಿಗೆ ನೆಗಡಿಯೇ?" ಎಂದಳು ಚಾಗಬ್ಬೆ.

"ಗಂಟಲು ಕೆರೆಯಿತು, ತಾಯಿ."

"ಇಲ್ಲಿ ಮಕ್ಕಳು ಮುಳುಗುತ್ತಿವೆ. ಕೆಮ್ಮಿ ಮುಗಿದಿದ್ದರೆ ಹೆಸರು ಹೇಳು."

ಅಜ್ಜ ದೊರೆಯ ಮುಖ ನೋಡಿದನು. ದೊರೆ ಬೆಟ್ಟದ ತುದಿಯ ಕಡೆ ನೋಡಿದನು.

"ತೆರೆಯಬ್ಬೆ," ಎಂದನು ನನ್ನಿಗ. "ತೆಪ್ಪದ ಹೆಣ್ಣು. ನಮ್ಮೆಲ್ಲರ ಮುತ್ತಜ್ಜಿ."

ಕಾವಲಿನವರು ಅವನ ರಟ್ಟೆ ಹಿಡಿದು ತುದಿಗೆ ಎಳೆದೊಯ್ದರು. ಆಗ ಅವನ ಕಾಲ ಬುಡದಲ್ಲೇ ಬಂಡೆ ಬಿರಿದು, ಒಳಗಿನಿಂದ ವಾಣಿಯಾಯಿತು: "ಅವಳು ನನ್ನ ಮನೆಯ ಸೊಸೆ. ಸೊಸೆಯ ತವರಿನವರು ಬಾಗಿಲಿಗೆ ಬಂದಿದ್ದಾರೆ. ಇಷ್ಟು ಕಾಲ ಕೆಮ್ಮಿದ್ದು ಸಾಕು, ದಾರಿ ಬಿಡಿ."

ಬಿರಿದ ಕಡೆ ನೀರಿನವರೆಗೂ ಏಳು ಮೆಟ್ಟಿಲುಗಳಿದ್ದವು. ಕಾವಲಿನವರ ಕೈ ಸಡಿಲಿತು. ಕೊನೆಯ ಮಗುವನ್ನು ಹತ್ತಿಸಿದ ಮೇಲೆ ಚಾಗಬ್ಬೆ ಹತ್ತಿದಳು. ದೊರೆಯೇ ಕೈನೀಡಿ ಮೇಲೆ ಹತ್ತಿಸಿಕೊಂಡನೆಂದು ಶೈಲರು ಹೇಳುತ್ತಾರೆ. ತೆಪ್ಪದವರು ಹಾಗೆ ಹೇಳುವುದಿಲ್ಲ.

ಕಡಲು ಹಿಂದೆ ಸರಿದು ಯುಗಗಳಾದರೂ ಆ ಮೆಟ್ಟಿಲುಗಳಿವೆ. ಏಳನೆಯದರ ಕುಳಿಯಲ್ಲಿ ಕಡುಬೇಸಿಗೆಯಲ್ಲೂ ಉಪ್ಪುನೀರು ನಿಂತಿರುತ್ತದೆ. ಅದನ್ನು ಕುಡಿದರೆ ಕೆಮ್ಮು ವಾಸಿಯಾಗುತ್ತದೆಂಬುದು ಈಚೆಗೆ ಯಾರೋ ಸೇರಿಸಿದ ಮಾತು. ಜೋಡಿಹುಣ್ಣಿಮೆಯ ಮರುದಿನ ಎರಡೂ ಕುಲದವರು ಅಲ್ಲಿ ನೆರೆದು ವಂಶಾವಳಿ ಕೇಳುತ್ತಾರೆ. ಆರನೆಯ ಹೆಸರು ಹೇಳಿ ವಾಚಕ ಸುಮ್ಮನಾಗುತ್ತಾನೆ. ಏಳನೆಯದನ್ನು ಜನರೇ ಹೇಳಬೇಕು. ಆ ಗಳಿಗೆಯಲ್ಲಿ ಎಂಥ ಗಂಟಲು ಕೆರೆದರೂ ಅಲ್ಲಿ ಒಬ್ಬರೂ ಕೆಮ್ಮುವುದಿಲ್ಲ.