ಸದ್ದಿಲ್ಲದ ಮೊಸಳೆ

ತುಂಗಭದ್ರೆ ದಂಡೇಲಿ ಹಾಲಪ್ಪಜ್ಜಂದು ಒಂದು ಆಶ್ರಮ. ಅಲ್ಲಿ ಭಜನೆ ಇಲ್ಲ, ಉಪವಾಸ ಇಲ್ಲ. ಹೆಡ್‌ಫೋನ್ ಹಾಕ್ಕೊಂಡು ಬರೀ ಸದ್ದು ಕೇಳಿ ಆಡೋ ಫೋನ್ ಆಟಗಳನ್ನ ಮಾಡೋದು ಕಲಿಸ್ತಾರೆ. ಅಜ್ಜನಿಗೆ ಕಣ್ಣು ಕಾಣಲ್ಲ. ಅಡುಗೆ ಮಾಡೋ ಯಂಕಮ್ಮನಿಗೂ ಕಾಣಲ್ಲ.

ಶಿಷ್ಯ ಮಾಡಿದ ಆಟನ ಯಂಕಮ್ಮ ಆಡ್ಬೇಕು. ಮೂರು ಅವಕಾಶ. ಮೂರು ಸಲಾನೂ ಅವಳು ಫೋನ್ ಕೆಳಗಿಟ್ಟು ಎದ್ದು ಹೋದ್ರೆ, ಶಿಷ್ಯ ಸೀದಾ ಮನೆಗೆ.

ತಿಪ್ಪೇಶ ಅನ್ನೋ ಶಿಷ್ಯ ಒಂದು ವರ್ಷ ಕೂತು ಒಂದು ಆಟ ಮಾಡಿದ. ಮೊಸಳೆ ಇರೋ ಹೊಳೇನ ಕಲ್ಲಿಂದ ಕಲ್ಲಿಗೆ ಹಾರಿ ದಾಟ್ಬೇಕು.

ಯಂಕಮ್ಮ ಹನ್ನೊಂದು ಸಲ ಸತ್ಲು. ಫೋನ್ ಚಾಪೆ ಮೇಲೆ ಎಸೆದ್ಲು.

"ಲೋ, ಈ ಮೊಸಳೆನ ನೀನೇ ಸಾಕ್ಕೋ."

ತಿಪ್ಪೇಶ ಅಜ್ಜನ ಹತ್ರ ದೂರು ತಗೊಂಡು ಹೋದ. "ಅಕ್ಕನಿಗೆ ತಾಳ್ಮೆ ಇಲ್ಲ ಅಜ್ಜಾ. ಆಟ ಅಂದ್ಮೇಲೆ ಕಷ್ಟ ಇರ್ಬೇಕಲ್ವಾ? ನಾನು ಎರಡೇ ನಿಮಿಷಕ್ಕೆ ದಾಟ್ತೀನಿ."

"ಮೊಸಳೆ ಬಂತು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಸ್ಕ್ರೀನ್ ಮೇಲೆ ಕೆಂಪು ಚುಕ್ಕಿ ಓಡಾಡುತ್ತಲ್ಲ. ಚೆಕ್ ಮಾಡೋಕೆ ಇಟ್ಕೊಂಡಿದೀನಿ."

"ಆ ಚುಕ್ಕಿ ಹೆಂಗೆ ಕೂಗುತ್ತೆ?"

ತಿಪ್ಪೇಶ ಫೋನ್ ತೆಗೆದು ಚುಕ್ಕಿ ತೋರಿಸೋಕೆ ಹೋದ.

ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಫೋನ್ ಮೇಲೆ ಹಾಕಿದ್ರು. "ಈಗ ದಾಟು."

ನಾಲ್ಕನೇ ಕಲ್ಲಲ್ಲಿ ಸತ್ತ. ಮತ್ತೆ ಆಡಿದ. ಮೂರನೇ ಕಲ್ಲಲ್ಲೇ ಸತ್ತ.

"ಇದು ಮೋಸ!" ಅಂತ ಕಿರುಚಿದ, ತಾನೇ ಮಾಡಿದ ಆಟಕ್ಕೆ.

ಮಾರನೇ ದಿನ ಸರಿ ಮಾಡ್ಕೊಂಡು ಬಂದ. ಈಗ ಮೊಸಳೆ ಬರೋ ಮುಂಚೆ ಗಂಟೆ ಹೊಡೆಯುತ್ತೆ. ಒಂದು ಹೆಂಗಸಿನ ದನಿ "ಬಲಗಡೆ ಹಾರಿ, ದಯವಿಟ್ಟು ಬಲಗಡೆ ಹಾರಿ" ಅನ್ನುತ್ತೆ.

ಯಂಕಮ್ಮ ಒಂದೇ ಏಟಿಗೆ ದಾಟಿದ್ಲು. ಆಕಳಿಸಿದ್ಲು. ಫೋನ್ ಕೆಳಗಿಟ್ಲು.

"ಇದು ಹೊಳೆನೋ, ಬಸ್‌ಸ್ಟ್ಯಾಂಡೋ?"

ಉಳಿದಿದ್ದು ಒಂದೇ ಅವಕಾಶ.

"ಕಷ್ಟ ಮಾಡಿದ್ರೆ ಬೈತಾಳೆ, ಸುಲಭ ಮಾಡಿದ್ರೆ ಆಕಳಿಸ್ತಾಳೆ. ನಾನೇನು ಸಾಯ್ಲಾ ಅಜ್ಜಾ?"

ಅಜ್ಜ ಅವನನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ, ಟವೆಲಲ್ಲಿ ಕಣ್ಣು ಕಟ್ಟಿದ್ರು.

"ಒಗ್ಗರಣೆ ಹಾಕು. ಸಾಸಿವೆ ಸಿಡಿದು ಮುಗಿಯೋ ಹೊತ್ತಿಗೆ ಕರಿಬೇವು ಬೀಳ್ಬೇಕು."

ಎಣ್ಣೆ ಕಾದಿತ್ತು. ಸಾಸಿವೆ ಚಟಪಟ ಅಂತು. ಸಣ್ಣಗಾಯ್ತು. ನಿಂತೋಯ್ತು. ಘಾಟು ಮೂಗಿಗೆ ಬಡೀತು.

"ಸೀದೋಯ್ತಾ? ಯಾರ ತಪ್ಪು?" ಅಂತ ಅಜ್ಜ ಕೇಳಿದ್ರು.

"ನಂದೇ. ಸದ್ದು ಕಮ್ಮಿ ಆಗಿದ್ದು ಕೇಳಿಸ್ತು, ಆದ್ರೂ ಕಾಯ್ತಾ ನಿಂತೆ."

ತಿಪ್ಪೇಶ ಬಾಣಲೆ ಒರೆಸಿ ಮತ್ತೆ ಒಲೆ ಮೇಲಿಟ್ಟ. ಈ ಸಲ ಅವಸರ ಮಾಡಿದ. ಸಾಸಿವೆ ಅರ್ಧ ಹಸಿ. ಮತ್ತೆ ಕೈಚಾಚಿ ತಡಕಾಡಿದ.

"ಇನ್ನೊಂದ್ಸಲ ಹಾಕು ಅಂತ ಯಾರು ಹೇಳಿದ್ರು?" ಅಂದ್ರು ಅಜ್ಜ.

"ಯಾರೂ ಹೇಳಿಲ್ಲ. ಎಣ್ಣೆ ಎಲ್ಲಿ?"

"ಎಣ್ಣೆ ನಿಮ್ಮಪ್ಪ ತಂದ್ಕೊಡ್ತಾನಾ?" ಅಂದ್ಲು ಯಂಕಮ್ಮ ಮೂಲೆಯಿಂದ.

ತಿಪ್ಪೇಶ ಐದು ದಿನ ಕೂತ. ಗಂಟೆ ಕಿತ್ತ. ಹೆಂಗಸಿನ ದನಿ ಕಿತ್ತ. ಕೆಂಪು ಚುಕ್ಕಿನೂ ಕಿತ್ತ. ಮೊಸಳೆಗೆ ಉಸಿರು ಕೊಟ್ಟ. ಬುಸುಬುಸು ಅಂತ ಹತ್ತಿರ ಬರುತ್ತೆ, ಬಾಯಿ ಹಾಕೋ ಮುಂಚೆ ಒಂದು ಕ್ಷಣ ಉಸಿರು ನಿಲ್ಲಿಸುತ್ತೆ. ಹಾರೋದಾದ್ರೆ ಆಗಲೇ. ಮುಂಚೆ ಹಾರಿದ್ರೂ ಸಾವು, ತಡ ಆದ್ರೂ ಸಾವು.

ಒಲೆ ಮೇಲೆ ಅನ್ನಕ್ಕಿಟ್ಟು ಯಂಕಮ್ಮ ಆಡೋಕೆ ಕೂತ್ಲು. ಸತ್ಲು. ಮತ್ತೆ ಸತ್ಲು. ಬೈಲಿಲ್ಲ, ಮಾತೇ ಆಡ್ಲಿಲ್ಲ. ನೋಡೋಕಾಗದೆ ತಿಪ್ಪೇಶ ಹೊಳೆ ದಂಡೆಗೆ ಹೋಗಿ ಕೂತ.

ಕೋಲು ಊರ್ಕೊಂಡು ಅಜ್ಜ ಬಂದ್ರು.

"ಎಷ್ಟು ಸಲ ಸತ್ಲು?"

"ಒಂಬತ್ತು ಸಲ ಎಣಿಸಿದೆ. ಆಮೇಲೆ ಎದ್ದು ಬಂದೆ. ಊರಿಗೆ ಬಸ್ಸು ಎಷ್ಟೊತ್ತಿಗೆ ಅಜ್ಜಾ?"

ಅಜ್ಜ ಮುಖ ಎತ್ತಿ ಗಾಳಿ ಮೂಸಿದ್ರು.

"ಅಡುಗೆಮನೇಲಿ ಅನ್ನ ಸೀಯ್ತಿದೆ. ಹೋಗಿ ನೀನೇ ಇಳಿಸು. ಅವಳಿನ್ನೂ ಫೋನ್ ಕೆಳಗಿಟ್ಟಿಲ್ಲ, ಕರೀಬೇಡ."