ನಡುಗಡ್ಡೆಯ ಹೊಗೆ

"ಗುರುಗಳೇ, ಹೋಮದ ಸಂಕಲ್ಪದಲ್ಲಿ ಏನೆಂದು ಹೇಳಿಸಲಿ?" ಎಂದು ವಾಮನಯ್ಯ ಕೇಳಿದ.

ವಾಮನಯ್ಯ ದಂಡಿನ ಪೇಟೆಯ ಪುರೋಹಿತ. ಚಿಕ್ಕಂದಿನಲ್ಲಿ ಗುರುಗಳ ಬಳಿಯೇ ಪಾಠ ಹೇಳಿಸಿಕೊಂಡವನು. ಅವನ ಪೇಟೆ ಹುಟ್ಟಿದ್ದೇ ದಂಡಿನಿಂದ. ಸಿಪಾಯಿಗಳಿಗೆ ಬಟ್ಟೆ ಹೊಲಿಯುವವರು, ರೊಟ್ಟಿ ಸುಡುವವರು, ಹಾಲು ಹಾಕುವವರು, ಎಲ್ಲರೂ ದಂಡನ್ನೇ ನಂಬಿದ್ದರು. ಅವನ ತಮ್ಮನ ಹೊಲಿಗೆ ಅಂಗಡಿಯೂ ದಂಡಿನ ಬಾಗಿಲ ಎದುರಿಗೇ ಇತ್ತು. ಈ ವರ್ಷ ದಂಡನ್ನು ಅರ್ಧಕ್ಕೆ ಇಳಿಸುತ್ತಾರಂತೆ ಎಂಬ ಸುದ್ದಿ ಬಂದ ಮೇಲೆ ಪೇಟೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ.

"ಪೇಟೆಯವರೆಲ್ಲ ಸೇರಿ ಹೋಮ ಮಾಡಿಸುತ್ತಿದ್ದಾರೆ. 'ದಂಡು ನಮ್ಮಲ್ಲೇ ಉಳಿಯಲಿ' ಎಂದರೆ ಸಾಕೇ? 'ಇನ್ನೂ ಹೆಚ್ಚಲಿ' ಎಂದೂ ಸೇರಿಸಿ ಅನ್ನುತ್ತಾರೆ. ಜನ ಬಹಳ ಹೆದರಿದ್ದಾರೆ, ಗುರುಗಳೇ. ನಾನೂ ಹೆದರಿದ್ದೇನೆ."

ಗುರುಗಳು ಜಪಮಣಿಯನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು.

"ಹೆದರಿಕೆ ಪಾಪವಲ್ಲ ಕಣಪ್ಪ. ಹೆದರಿದವನ ಕೂಗು ಭಗವಂತನಿಗೆ ಬೇಗ ಕೇಳಿಸುತ್ತದೆ. ಕೂತುಕೋ. ಒಂದು ಕತೆ ಹೇಳುತ್ತೇನೆ. ಆಮೇಲೆ ಸಂಕಲ್ಪದ ಮಾತು."

ವಾಮನಯ್ಯ ಕೂತ. ಗುರುಗಳು ಹೇಳಿದರು.

ಒಂದು ಹೊಳೆ. ಹೊಳೆಯ ಈಚೆ ಒಬ್ಬ ರಾಜ, ಆಚೆ ಇನ್ನೊಬ್ಬ ರಾಜ. ಈಚೆ ದಡದ ಗುಡ್ಡದ ಮೇಲೊಂದು ಕೋಟೆ, ಆಚೆ ದಡದ ಗುಡ್ಡದ ಮೇಲೊಂದು ಕೋಟೆ. ಒಂದೊಂದು ಕೋಟೆಯ ಕೆಳಗೆ ಒಂದೊಂದು ಊರು. ಯುದ್ಧವನ್ನು ಕಣ್ಣಾರೆ ಕಂಡವರು ಎರಡು ಊರಲ್ಲೂ ಯಾರೂ ಬದುಕಿರಲಿಲ್ಲ. ಆದರೂ ದಂಡು ಇತ್ತು. ದಂಡು ಇದ್ದುದರಿಂದ ಕುದುರೆಗಳಿದ್ದವು. ಕುದುರೆಗಳಿದ್ದುದರಿಂದ ಊರು ಉಣ್ಣುತ್ತಿತ್ತು.

ಈಚೆ ಊರಲ್ಲಿ ಹುಲ್ಲು ಮಾರುವವಳೊಬ್ಬಳಿದ್ದಳು. ಗಂಡ ಸತ್ತವಳು. ದಿನವೂ ಹೊಳೆಯ ದಂಡೆಯಲ್ಲಿ ಹುಲ್ಲು ಕೊಯ್ದು ಕೋಟೆಯ ಲಾಯಕ್ಕೆ ಹಾಕುತ್ತಿದ್ದಳು. ಅವಳಿಗಿದ್ದವಳು ಒಬ್ಬಳೇ ಮಗಳು. ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದಕ್ಕೆ ಇಳಿಯುತ್ತಿತ್ತು. ಆಗ ಎರಡು ಊರಿನವರೂ ಹೆಣ್ಣು ಕೊಟ್ಟು ತಂದುಕೊಳ್ಳುತ್ತಿದ್ದರು. ರಾಜರಿಗೆ ಹಗೆಯಿತ್ತು, ಊರುಗಳಿಗೆ ನೆಂಟಸ್ತಿಕೆಯಿತ್ತು. ಅವಳೂ ಮಗಳನ್ನು ಆಚೆ ಊರಿಗೆ, ಕುದುರೆಗೆ ಲಾಳ ಕಟ್ಟುವವರ ಮನೆಗೆ ಕೊಟ್ಟಿದ್ದಳು. ಈಗ ಮಗಳು ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಹೊಳೆ ಇಳಿದ ಕೂಡಲೇ ಕರೆದುಕೊಂಡು ಬರುತ್ತೇನೆಂದು ತಾಯಿ ಹೇಳಿಕಳಿಸಿದ್ದಳು. ಬಾಣಂತಿಗೆಂದು ತುಪ್ಪ ಕಾಯಿಸಿಟ್ಟಿದ್ದಳು. ತೊಟ್ಟಿಲಿಗೆ ಹಗ್ಗ ಹೊಸೆದಿದ್ದಳು.

ಅಷ್ಟರಲ್ಲಿ ಸುದ್ದಿ ಬಂತು. ಇಬ್ಬರು ರಾಜರೂ ರಾಜಿಯಾದರಂತೆ. ಇನ್ನು ಇಷ್ಟು ದಂಡು ಬೇಡವಂತೆ. ಯುಗಾದಿ ಕಳೆದ ಮೇಲೆ ಅರ್ಧ ಕುದುರೆಗಳನ್ನು ಕಳಿಸಿಬಿಡುತ್ತಾರಂತೆ.

ಊರಿಗೆ ಊರೇ ದೇವಿಯ ಕಟ್ಟೆಯ ಮುಂದೆ ಸೇರಿತು. ಶಾಂತಿ ಬಂತೆಂದು ಯಾರೂ ದೇವಿಗೆ ಹೂವು ಏರಿಸಲಿಲ್ಲ. ಸಾವಿನ ಮನೆಯಲ್ಲಿ ಕೂತಂತೆ ಕೂತರು.

ಒಬ್ಬ ಮುದುಕ ಕುರುಬ ಹೇಳಿದ: "ಕೋಟೆ ಕಟ್ಟುವುದಕ್ಕೆ ಮುಂಚೆ ಇಲ್ಲಿ ಜನ ಇರಲಿಲ್ಲವೇನ್ರಪ್ಪ? ನನ್ನ ತಾತ ಇಲ್ಲೇ ಕಂಬಳಿ ನೇಯುತ್ತಿದ್ದ. ಆ ಹುಲ್ಲುಗಾವಲೆಲ್ಲ ನವಣೆ ಬೆಳೆಯುವ ನೆಲ. ಕುದುರೆ ಹೋಗುವ ಮುಂಚೆಯೇ ಒಂದಷ್ಟು ಉತ್ತು ನೋಡೋಣ."

"ನವಣೆಗೆ ಮಳೆ ಬೇಕು ತಾತ, ಕಂಬಳಿಗೆ ಚಳಿ ಬೇಕು. ನಮಗೆ ಕೋಟೆಯ ಬಾಗಿಲೊಂದು ತೆರೆದಿದ್ದರೆ ಸಾಕು" ಎಂದು ಯಾರೋ ಅಂದರು. ಜನ ನಕ್ಕರು. ಆ ನಗುವಿನಲ್ಲೂ ನಡುಕವಿತ್ತು.

"ಕುದುರೆ ಹೋದರೆ ನನ್ನ ಹುಲ್ಲನ್ನು ನಾನೇ ತಿನ್ನಬೇಕು" ಎಂದಳು ಹುಲ್ಲು ಮಾರುವವಳು. ಅದಕ್ಕೆ ಯಾರೂ ನಗಲಿಲ್ಲ.

ಆಗ ಕೋಟೆಗೆ ಕಾಳು ಒದಗಿಸುವ ವರ್ತಕ ಎದ್ದ. "ದಂಡು ಇಲ್ಲಿ ಯಾತಕ್ಕಿದೆ? ಭಯಕ್ಕೆ. ಭಯ ಹೋಯಿತು, ಅದಕ್ಕೆ ದಂಡು ಹೊರಟಿದೆ. ಭಯ ಮತ್ತೆ ಬಂದರೆ ದಂಡು ಎಲ್ಲಿಗೆ ಹೋದೀತು? ಹೊಳೆಯಂಚಿನ ಬಂಡೆಯ ಹಿಂದೆ ಎರಡು ಸಂಜೆ ಬೆಂಕಿ ಹಾಕೋಣ. ಮೇಲೆ ಹಸಿ ಹುಲ್ಲು ಹೊಚ್ಚೋಣ. ಹೊಗೆ ಕಂಡರೆ, ಶತ್ರು ಹೊಳೆ ದಾಟಿ ಬೀಡು ಬಿಟ್ಟಿದ್ದಾನೆ ಅಂದುಕೊಳ್ಳುತ್ತಾನೆ ಕೋಟೆ ಕಾಯುವ ಕಿಲ್ಲೇದಾರ. ಯಾರನ್ನೂ ಸುಡದ ಬೆಂಕಿ ಇದು. ಯಾರಿಗೇನು ನಷ್ಟ?"

ಜನ ಒಪ್ಪಿದರು. ಆಮೇಲೆ ದೇವಿಗೆ ಕರ್ಪೂರ ಹಚ್ಚಿದರು. "ತಾಯೀ, ಇದು ಹೊಟ್ಟೆಪಾಡಿನ ಸುಳ್ಳು, ಹೊಟ್ಟೆಗೆ ಹಾಕಿಕೋ" ಎಂದು ಬೇಡಿದರು. ಕಟ್ಟೆ ಇಳಿಯುವಾಗ ಆ ಕರ್ಪೂರ ಆರಿಹೋಗಿದ್ದನ್ನು ಯಾರೂ ನೋಡಲಿಲ್ಲ. ಹುಲ್ಲು ಮಾರುವವಳು ತನ್ನ ಪಾಲಿಗೆ ಎರಡು ಹೊರೆ ಹುಲ್ಲು ಕೊಟ್ಟಳು. ಮಗಳ ಬಾಣಂತನ ಕಳೆಯುವ ತನಕವಾದರೂ ಕುದುರೆಗಳು ಇರಲಿ ಎಂಬುದು ಅವಳ ಆಸೆ. ಚಕಮಕಿ ಕಲ್ಲು ತಂದವಳೂ ಅವಳೇ. ಬೆಂಕಿ ಹೊತ್ತಿಸಿದ್ದೂ ಅವಳ ಕೈಯೇ.

ಹೊಗೆ ಎದ್ದಿತು. ಕೋಟೆಯಲ್ಲಿ ನಗಾರಿ ಹೊಡೆಯಿತು. ಮಾರನೆಯ ದಿನವೇ, ಕುದುರೆಗಳನ್ನು ಸದ್ಯಕ್ಕೆ ಕಳಿಸುವುದಿಲ್ಲವೆಂದು ಡಂಗುರ ಸಾರಿದರು. ಊರಿನವರು ಬೆಲ್ಲ ಹಂಚಿದರು.

ಬೆಲ್ಲ ಇನ್ನೂ ಬಾಯಲ್ಲಿತ್ತು. ಆ ಸಂಜೆ ಆಚೆ ದಡದಲ್ಲೂ ಹೊಗೆ ಎದ್ದಿತು.

"ಅದನ್ನು ಹಚ್ಚಿದವರು ಯಾರು?" ಎಂದು ಜನ ವರ್ತಕನನ್ನು ಕೇಳಿದರು.

ವರ್ತಕ ಕೈಯಲ್ಲಿದ್ದ ಬೆಲ್ಲವನ್ನು ಕೆಳಗಿಟ್ಟ. "ನಾವಲ್ಲ" ಎಂದ.

ತಾವು ಹಚ್ಚಿದ ಬೆಂಕಿಗೆ ಅವರು ಹೆದರಿರಲಿಲ್ಲ. ತಾವು ಹಚ್ಚದ ಬೆಂಕಿಯನ್ನು ನೋಡಿ ಊರು ಬಾಗಿಲು ಹಾಕಿಕೊಂಡಿತು. ಇಲ್ಲದ ಶತ್ರುವನ್ನು ಕರೆದೆವು, ಇದ್ದವನು ಓಗೊಟ್ಟ ಎಂದು ಹೆಂಗಸರು ಅತ್ತರು.

ರಾಜಧಾನಿಯಿಂದ ಇನ್ನಷ್ಟು ಕುದುರೆ ಬಂದವು. ಇನ್ನಷ್ಟು ಬಿಲ್ಲುಗಾರರು ಬಂದರು. ಹುಲ್ಲಿಗೆ ಎಂದೂ ಇಲ್ಲದ ಬೆಲೆ ಬಂತು. ಹೊಳೆಯ ದಾರಿ ಮುಚ್ಚಿತು. ನೀರಿಗಿಳಿದವರ ಮೇಲೆ ಬಾಣ, ಹೊಗೆ ಕಂಡಲ್ಲಿಗೆ ಬಾಣ ಎಂದು ಅಪ್ಪಣೆಯಾಯಿತು.

ಹುಲ್ಲು ಮಾರುವವಳು ಕಿಲ್ಲೇದಾರನ ಕಾಲಿಗೆ ಬಿದ್ದಳು. "ಸ್ವಾಮಿ, ಆಚೆ ದಡದಲ್ಲಿ ನನ್ನ ಮಗಳಿದ್ದಾಳೆ. ತುಂಬಿದ ಬಸುರಿ."

"ಆಚೆ ದಡದಲ್ಲಿ ಈಗ ಯಾರ ಮಗಳೂ ಇಲ್ಲ" ಎಂದ ಕಿಲ್ಲೇದಾರ. "ಅಲ್ಲಿರುವವರೆಲ್ಲ ಶತ್ರುಗಳು."

ಅವಳು ವರ್ತಕನ ಬಳಿಗೆ ಓಡಿದಳು. "ನಿಜ ಹೇಳಿಬಿಡೋಣ, ಅಣ್ಣ."

"ಹೇಳಿದರೆ ಮೊದಲು ನಮ್ಮ ತಲೆ ಹೋಗುತ್ತದೆ ತಂಗಿ. ಅಷ್ಟಕ್ಕೂ ನಮ್ಮದು ಸುಳ್ಳು ಸರಿ, ಅವರದು ನಿಜವಾಗಿದ್ದರೆ?"

ಅವಳು ಮನೆಗೆ ಬಂದಳು. ತೊಟ್ಟಿಲ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ದೇವಿಯನ್ನು ನೆನೆದಳು. ಏನನ್ನು ಬೇಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಬೇಡಿದ್ದೆಲ್ಲ ಕೈಗೆ ಬಂದಿತ್ತಲ್ಲ.

ದಂಡೆಯ ಹುಲ್ಲು ಬೇಗ ತೀರಿತು. ಹೊಳೆಯ ನಡುಗಡ್ಡೆಯಲ್ಲಿ ಮಾತ್ರ ಉಳಿದಿತ್ತು. ಒಂದು ಮುಂಜಾನೆ ಅವಳು ಕುಡುಗೋಲು ಹಿಡಿದು ಕಾವಲುಗಾರನ ಮುಂದೆ ನಿಂತಳು.

"ಕುದುರೆಗಳನ್ನೇನೋ ಸಾಲಾಗಿ ಕಟ್ಟಿದ್ದೀರಿ. ಹುಲ್ಲೇನು ಆಕಾಶದಿಂದ ಉದುರುತ್ತದೆಯೇ? ನಡುಗಡ್ಡೆಗೆ ಬಿಡಪ್ಪ."

ಕಾವಲುಗಾರ ಅವಳನ್ನು ಬಲ್ಲವನು. ಅವಳ ಮನೆಯ ಮಜ್ಜಿಗೆ ಕುಡಿದವನು. "ಹೋಗು. ನಡುಗಡ್ಡೆ ದಾಟಬೇಡ. ದಾಟಿದರೆ ಬಾಣ ಬಿಡಲೇಬೇಕು, ಅಮ್ಮ. ಮುಖ ನೋಡಿಕೊಂಡು ಬಿಡಲಾರೆ. ಬೆನ್ನಿಗೆ ಬಿಡುತ್ತೇನೆ."

ಅವಳು ನೀರಿಗಿಳಿದಳು. ಮಂಜು ಕವಿದಿತ್ತು. ಒಂದೊಂದು ಹೆಜ್ಜೆಗೂ ಬೆನ್ನು ತಣ್ಣಗಾಗುತ್ತಿತ್ತು. ನಡುಗಡ್ಡೆಯ ಜೊಂಡಿನೊಳಗೆ ಕಾಲಿಟ್ಟಾಗ ಯಾರೋ ನರಳಿದ್ದು ಕೇಳಿಸಿತು. ಅವಳು ಕುಡುಗೋಲು ಎತ್ತಿದಳು.

"ಕೊಯ್ಯಬೇಡ ಬೀಗಿತ್ತಿ, ಹುಲ್ಲಲ್ಲ ನಾವು" ಎಂದಿತು ಒಂದು ದನಿ.

ಮಗಳ ಅತ್ತೆ. ಅವಳ ತೊಡೆಯ ಮೇಲೆ ತಲೆಯಿಟ್ಟು ಮಗಳು ಮಲಗಿದ್ದಳು. ನೋವು ಶುರುವಾಗಿತ್ತು.

"ನಿಮ್ಮ ದಂಡಿಗೆ ಹೆದರಿ ನಮ್ಮೂರ ಸೂಲಗಿತ್ತಿ ಓಡಿಹೋದಳು" ಎಂದಳು ಬೀಗಿತ್ತಿ. "ಇವಳು ಅಮ್ಮ ಅಮ್ಮ ಅನ್ನುತ್ತಾಳೆ. ಹೇಗಾದರೂ ತವರು ಮುಟ್ಟಿಸೋಣವೆಂದು ಕತ್ತಲು ಹರಿಯುವ ಮುಂಚೆ ಹೊರಟೆ. ಇಲ್ಲಿಗೆ ಬರುವಷ್ಟರಲ್ಲಿ ಕೂತುಬಿಟ್ಟಳು."

ಮಗಳು ತಾಯಿಯ ಕೈ ಹಿಡಿದುಕೊಂಡಳು. ಕೂಗು ದಡಕ್ಕೆ ಕೇಳಿಸಬಾರದೆಂದು ತಾಯಿ ತನ್ನ ಸೆರಗನ್ನು ಅವಳ ಬಾಯಿಗೆ ಕೊಟ್ಟಳು. ಇಬ್ಬರು ಹೆಂಗಸರೂ ಹತ್ತಿರ ಬಾಗಿದರು. ಆಗ ತಾಯಿಗೆ ಬೀಗಿತ್ತಿಯ ಸೀರೆಯಿಂದ ಹಸಿ ಹುಲ್ಲಿನ ಹೊಗೆಯ ವಾಸನೆ ಬಂತು. ತನ್ನ ಸೀರೆಯಲ್ಲಿದ್ದ ವಾಸನೆಯೇ.

"ಅಕ್ಕಾ, ನಿಮ್ಮ ದಡದಲ್ಲಿ ಬೆಂಕಿ ಹಾಕುವವರು ಯಾರು?"

ಬೀಗಿತ್ತಿ ತಲೆ ಎತ್ತಲಿಲ್ಲ. "ಮೊದಲು ನೀನು ಹೇಳು, ನಿಮ್ಮ ದಡದಲ್ಲಿ ಹಾಕಿದವರು ಯಾರು?"

"ನಾನೇ."

"ನಮ್ಮಲ್ಲೂ ನಾವೇ."

"ನಿಮ್ಮ ಕುದುರೆಗಳನ್ನೂ ಕಳಿಸುತ್ತೇವೆ ಅಂದಿದ್ದರೇ?"

"ಅರ್ಧಕ್ಕರ್ಧ. ಲಾಳ ಕಟ್ಟುವ ಮನೆ ನಮ್ಮದು. ಕುದುರೆ ಹೋದರೆ ಬೆಕ್ಕಿಗೆ ಲಾಳ ಕಟ್ಟೋಣವೇ, ಬೀಗಿತ್ತಿ?"

ಇಬ್ಬರಿಗೂ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಎರಡು ಕೋಟೆಗಳ ನಡುವೆ ಕೂತು ಒಬ್ಬರನ್ನೊಬ್ಬರು ನೋಡಿದರು. ಶತ್ರು ಇರಲಿಲ್ಲ. ಎಂದೂ ಇರಲಿಲ್ಲ. ಬಾಣಗಳು ಮಾತ್ರ ಇದ್ದವು, ನಿಜವಾದ ಬಾಣಗಳು.

ಭಗವಂತನ ದಯೆ, ಹೆರಿಗೆ ಆಯಿತು. ಆದರೆ ಮಗು ಅಳಲಿಲ್ಲ. ಮಂಜಿನಲ್ಲಿ, ನೀರಿನ ಗಾಳಿಯಲ್ಲಿ ಅದು ನೀಲಿಯಾಗತೊಡಗಿತು. ಬೀಗಿತ್ತಿ ಅಂಗಾಲು ತಿಕ್ಕಿದಳು, ಬೆನ್ನು ತಿಕ್ಕಿದಳು. ಮಗಳು ಬಾಯಿಂದ ಸೆರಗು ತೆಗೆದು, "ಅಮ್ಮಾ, ಯಾಕೆ ಸುಮ್ಮನಿದೆ?" ಎಂದು ಕೇಳಿದಳು.

"ಕಾವು ಬೇಕು" ಎಂದಳು ಬೀಗಿತ್ತಿ. "ಈಗಲೇ ಬೇಕು. ಇಲ್ಲದಿದ್ದರೆ ಇಲ್ಲ."

ಸುತ್ತಲೂ ಒಣಗಿದ ಜೊಂಡು ಇತ್ತು. ಸುಳ್ಳು ಬೆಂಕಿ ಹೊತ್ತಿಸಿದ ಚಕಮಕಿ ಕಲ್ಲು ತಾಯಿಯ ಸೊಂಟದ ಚೀಲದಲ್ಲೇ ಇತ್ತು. ಹೊಗೆ ಕಂಡಲ್ಲಿಗೆ ಬಾಣ ಎಂಬ ಅಪ್ಪಣೆ ಎರಡು ದಡದಲ್ಲೂ ಇತ್ತು. ಹಚ್ಚದಿದ್ದರೆ ಮಗು ಇಲ್ಲ. ಹಚ್ಚಿದರೆ ಯಾರೂ ಇಲ್ಲ.

ಅವಳು ಚೀಲದಿಂದ ಕಲ್ಲು ತೆಗೆದಳು. "ತಾಯೀ, ಅವತ್ತು ನಿನ್ನ ಮುಂದೆ ಸುಳ್ಳು ಬೆಂಕಿಗೆ ಕರ್ಪೂರ ಹಚ್ಚಿದೆ. ಇವತ್ತಿನದು ನಿಜದ ಬೆಂಕಿ, ಇವತ್ತು ಕರ್ಪೂರವಿಲ್ಲ" ಎಂದಳು. ಚಕಮಕಿ ತಿಕ್ಕಿದಳು.

ಜೊಂಡು ಹೊತ್ತಿತು. ಮೂವರೂ ಮಗುವಿನ ಸುತ್ತ ಬಾಗಿ ಕೂತರು. ತಾಯಿ ಈಚೆ ಕೋಟೆಗೆ ಬೆನ್ನು ಕೊಟ್ಟಳು, ಬೀಗಿತ್ತಿ ಆಚೆ ಕೋಟೆಗೆ ಬೆನ್ನು ಕೊಟ್ಟಳು. ಮಂಜಿನ ಮೇಲೆ ಹೊಗೆ ಕಂಬದಂತೆ ಎದ್ದು ನಿಂತಿತು. ಈಚೆ ಕೋಟೆಯಲ್ಲಿ ನಗಾರಿ ಹೊಡೆಯಿತು. ಆಚೆ ಕೋಟೆಯಲ್ಲೂ ಹೊಡೆಯಿತು. ಕಾಲುಗಳು ದಡದ ಕಲ್ಲಿನ ಮೇಲೆ ಓಡುವ ಸದ್ದು ಎರಡು ಕಡೆಯಿಂದಲೂ ಬಂತು. ಆಮೇಲೆ ಆ ಸದ್ದು ನಿಂತಿತು. ಬಿಲ್ಲಿನ ಹೆದೆ ಎಳೆದಾಗ ಆಗುವ ಸಣ್ಣ ಸದ್ದು ಕೇಳಿಸಿತು. ಮುಂದೆ ಏನೂ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದೇವರ ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು.

ವಾಮನಯ್ಯ ಇನ್ನಷ್ಟು ಹತ್ತಿರ ಬಂದು ಕೂತ. ಅವನು ಕಾದ. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ, ಗುರುಗಳೇ? ಕೊನೆಗೆ ಕುದುರೆಗಳು ಉಳಿದವೇ, ಹೋದವೇ?"

ಗುರುಗಳು ಅವನನ್ನು ಕರುಣೆಯಿಂದ ನೋಡಿದರು.

"ಮಗು ಏನಾಯಿತೆಂದು ನೀನು ಕೇಳಲಿಲ್ಲ, ವಾಮನಯ್ಯ."